ಮಾಸ್ತರರ ಸಮಾಲೋಚನೆ

ತಿಂಗಳಿಗೊಮ್ಮೆ ಮಕ್ಕಳು ಹೊತ್ತಿಗೆ ಮುಂಚೆಯೇ ಶಾಲೆಯಿಂದ ಮರಳಿ ಬಂದರೆ ನಮ್ಮ ಗೃಹಸ್ಥರ ಬಾಯಿಂದ ಹೊರಡುವ ಮೊದಲಿನ ಮಾತು, “ಮಾಸ್ತರಿಗೆ ಇವತ್ತೂ ಮೀಟಿಂಗ್ ಐತೇನು?” ಎಂಬುದು. ರಾಣೆಬೆನ್ನೂರ ಪೇಟೆಯಲ್ಲಾಗಲಿ, ಬ್ಯಾಡಗಿಯ ಸುತ್ತಣ ಹಳ್ಳಿಗಳಲ್ಲಾಗಲಿ ಈ ಮಾತಿನ ಧಾಟಿ ಒಂದೇ. ಸಂಬಳ ತೆಗೆದುಕೊಳ್ಳುವವರು ಪಾಠ ಬಿಟ್ಟು ಹರಟೆಗೆ ಹೋದರೆಂಬ ಆಕ್ಷೇಪಣೆ ಅದರಲ್ಲಿ ಅಡಗಿರುವದು. ಆ ಸಭೆಯ ಪರವಾಗಿ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು.

ವೈದ್ಯನಿಗೆ ರೋಗದ ನೆಲೆ ತಿಳಿಯದಿದ್ದರೆ ಅವನು ಇನ್ನೊಬ್ಬ ವೈದ್ಯನನ್ನು ಕೇಳುವನು. ವಕೀಲನು ಹಿರಿಯ ವಕೀಲರನ್ನು ವಿಚಾರಿಸುವನು. ಬಡಿಗನ ಮಗನು ತಂದೆಯ ಕೈ ನೋಡುತ್ತ ಕೆಲಸ ಕಲಿಯುವನು. ಕನ್ನಡ ಶಾಲೆಯ ಮಾಸ್ತರರೂ ಅಕ್ಕೋರೂ ಮಾತ್ರ ತರಬೇತಿ ಮುಗಿಸಿದ ಮರುದಿನವೇ ಮೂವತ್ತು ಮಕ್ಕಳ ಮುಂದೆ ಒಬ್ಬಂಟಿಗರಾಗಿ ನಿಲ್ಲುವರು. ಎಷ್ಟೋ ಹಳ್ಳಿಗಳಲ್ಲಿ ಎರಡು ಮೂರು ಇಯತ್ತೆಗಳು ಒಂದೇ ಕೋಣೆಯಲ್ಲಿ! ಅವರ ಪಾಠವನ್ನು ಇನ್ನೊಬ್ಬ ಶಿಕ್ಷಕರು ಕುಳಿತು ನೋಡುವ ಪ್ರಸಂಗವೇ ಅಪರೂಪ.

ಇದರಿಂದಾಗುವ ಹಾನಿ ಎಂಥದೆಂಬುದನ್ನು ಒಂದು ಲೆಕ್ಕದಿಂದ ತೋರಿಸುವೆವು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು 52ರಲ್ಲಿ 38 ಕಳೆದು 26 ಎಂದು ಬರೆಯುತ್ತಾಳೆನ್ನಿರಿ; 71ರಲ್ಲಿ 45 ಕಳೆದು 34 ಎಂದು ಬರೆಯುತ್ತಾಳೆ. ಎರಡೂ ತಪ್ಪು. ಮಾಸ್ತರರು ಕೆಂಪು ಗೆರೆ ಎಳೆದು, ಹಲಗೆಯ ಮೇಲೆ ಸರಿಯಾದ ಉತ್ತರ ಬರೆದು ಮುಂದಕ್ಕೆ ಹೋಗುವರು. ಮರುದಿನ ಹುಡುಗಿ 63ರಲ್ಲಿ 39 ಕಳೆದು 36 ಎನ್ನುವಳು. ಮನೆಯಲ್ಲಿ ತಂದೆಯು, ಈ ಹುಡುಗಿಗೆ ಲೆಕ್ಕ ತಲೆಗೆ ಹತ್ತುವದಿಲ್ಲವೆಂದು ತೀರ್ಪು ಕೊಟ್ಟು ಬಿಡುವನು. ಆದರೆ ಆ ಮೂರು ಉತ್ತರಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿರಿ. ಹುಡುಗಿ ಮನಸ್ಸಿಗೆ ಬಂದಂತೆ ಬರೆದಿಲ್ಲ. ಎರಡರಲ್ಲಿ ಎಂಟು ಹೋಗುವದಿಲ್ಲವಾದ್ದರಿಂದ ಎಂಟರಲ್ಲಿಯೇ ಎರಡನ್ನು ಕಳೆದಿದ್ದಾಳೆ. ಪ್ರತಿಯೊಂದು ಸಲವೂ ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆಯುವದೇ ಅವಳ ನಿಯಮ. ನಿಯಮ ತಪ್ಪು, ಬುದ್ಧಿ ತಪ್ಪಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಅವಳ ಕೈಗೆ ಕೊಟ್ಟು, “ಇದರಲ್ಲಿ ಮೂವತ್ತೆಂಟು ನನಗೆ ಕೊಡು” ಎಂದರೆ, ಅವಳು ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ. ಬಿಚ್ಚಿದಾಗ ಬಿಡಿ ಕಡ್ಡಿಗಳು ಹನ್ನೆರಡಾಗುವವು. ಎಂಟು ಕೊಟ್ಟರೆ ನಾಲ್ಕು ಉಳಿದವು, ನಾಲ್ಕು ಕಟ್ಟುಗಳಲ್ಲಿ ಮೂರು ಹೋದರೆ ಒಂದು ಉಳಿಯಿತು, ಒಟ್ಟಿಗೆ ಹದಿನಾಲ್ಕು.

ಇಷ್ಟು ಸಣ್ಣ ಸಂಗತಿಯು ಮಾಸ್ತರರಿಗೆ ಹೊಳೆಯಬಾರದೇ ಎಂದು ವಾಚಕರು ಕೇಳಬಹುದು. ಮೂವತ್ತು ಪಾಟಿಗಳನ್ನು ಒಮ್ಮೆಲೇ ತಿದ್ದುವವರಿಗೆ ಅದು ಹೊಳೆಯುವದು ಕಷ್ಟ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಇನ್ನೊಬ್ಬ ಶಿಕ್ಷಕರ ಕಣ್ಣಿಗೆ ಅದು ಬೇಗನೆ ಬೀಳುವದು. ಓದಿನಲ್ಲಿಯೂ ಹೀಗೆಯೇ. ಪುಸ್ತಕದಲ್ಲಿ “ಹೋಗುತ್ತಾನೆ” ಎಂದಿದ್ದುದನ್ನು ನಮ್ಮ ಕಡೆಯ ಮಗುವು “ಹೊಕ್ಕಾನ” ಎಂದು ಓದಿದರೆ ಅದು ತಪ್ಪೋ, ಅರ್ಥ ತಿಳಿದು ಓದಿದ ಗುರುತೋ? ತಾಂಡೆಯಿಂದ ಬಂದ ಲಂಬಾಣಿ ಮಗುವಿಗೆ ಮೊದಲನೆಯ ತಿಂಗಳು ಯಾವ ಮಾತಿನಲ್ಲಿ ಕಥೆ ಹೇಳಬೇಕು? ಇಂಥ ಪ್ರಶ್ನೆಗಳಿಗೆ ಸುತ್ತೋಲೆಯಲ್ಲಿ ಉತ್ತರ ಸಿಗುವದಿಲ್ಲ. ನಾಲ್ವರು ಅನುಭವಿಗಳು ಕೂಡಿ ಕುಳಿತಾಗ ಸಿಗುವದು.

ಇದು ಹೊಸ ವಿಚಾರವೇನೂ ಅಲ್ಲ. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿಯೇ, 1860ರ ದಶಕದಲ್ಲಿ, ಕನ್ನಡ ಶಿಕ್ಷಕರಿಗಾಗಿ ‘ಮಠಪತ್ರಿಕೆ’ಯು ಹುಟ್ಟಿತು, ಆಗ ಶಾಲೆಗೆ ಮಠವೆಂಬ ಹೆಸರಿತ್ತು. ಅದೇ ಪತ್ರಿಕೆಯು ಮುಂದೆ ‘ಜೀವನ ಶಿಕ್ಷಣ’ವಾಯಿತು. ನಮ್ಮ ಹಾವೇರಿ ಸೀಮೆಯ ಗಳಗನಾಥರು ಸಹ ಕನ್ನಡ ಶಾಲೆಯ ಮಾಸ್ತರರೇ ಆಗಿದ್ದರೆಂಬುದನ್ನು, ಅವರ ಕಾದಂಬರಿಗಳನ್ನು ಓದಿದವರೂ ಮರೆತಿರುವದುಂಟು.

ಜಪಾನದ ಪ್ರಾಥಮಿಕ ಶಾಲೆಗಳಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ನಡೆದು ಬಂದ ಪದ್ಧತಿಯೊಂದುಂಟು. ಹಲವರು ಶಿಕ್ಷಕರು ಕೂಡಿ ಒಂದೇ ಪಾಠವನ್ನು ಸಿದ್ಧಪಡಿಸುವರು. ಒಬ್ಬರು ಅದನ್ನು ಮಕ್ಕಳಿಗೆ ಹೇಳುವರು, ಉಳಿದವರು ಮಕ್ಕಳನ್ನು ನೋಡುವರು. ಅನಂತರ ಪಾಠವನ್ನು ಚರ್ಚಿಸುವರು. ಅಲ್ಲಿ ಪರೀಕ್ಷೆಗೆ ಗುರಿಯಾಗುವದು ಪಾಠವೇ ಹೊರತು ಪಾಠ ಹೇಳಿದವರಲ್ಲ. ಅಷ್ಟು ದೂರವಾದರೂ ಏಕೆ? 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ಕಂಡುಬಂದು, ತಾವೇ ಕೂಡಿ ಕುಳಿತು ಕಲಿಕೆಯ ಕಾರ್ಡುಗಳನ್ನು ಬರೆದದ್ದರಿಂದಲೇ ‘ನಲಿ-ಕಲಿ’ ಹುಟ್ಟಿತು. 2009-10ರಲ್ಲಿ ಅದು ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಹಬ್ಬುವಾಗ ಕಾರ್ಡುಗಳು ಎಲ್ಲ ಶಾಲೆಗಳಿಗೂ ತಲುಪಿದವು. ಆ ಕೂಡಿ ಕುಳಿತ ದಿನಗಳು ಮಾತ್ರ ತಲುಪಲಿಲ್ಲವೆಂದು ನಮ್ಮ ಎಣಿಕೆ.

ಹಾಗೆಂದು ವ್ಯವಸ್ಥೆಯೇ ಇಲ್ಲವೆನ್ನುವಂತಿಲ್ಲ. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಡನೆ ಬಂದು, 2001ರ ಸರ್ವ ಶಿಕ್ಷಣ ಅಭಿಯಾನದಿಂದ ಬೆಳೆದ ಸಮೂಹ ಸಂಪನ್ಮೂಲ ಕೇಂದ್ರಗಳು ಇರುವವು. ನೆರೆಹೊರೆಯ ಕೆಲವು ಶಾಲೆಗಳಿಗೆ ಒಂದು ಕೇಂದ್ರ, ಅದಕ್ಕೆ ಶಿಕ್ಷಕರೊಳಗಿಂದಲೇ ಆಯ್ಕೆಯಾದ ಒಬ್ಬ ಸಂಪನ್ಮೂಲ ವ್ಯಕ್ತಿ. ಶಾಲೆಗೆ ಹೋಗಿ ಪಾಠ ನೋಡುವದು, ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ನಡೆಸುವದು ಅವರ ಕೆಲಸ. ಗೃಹಸ್ಥರು ಗೊಣಗುವ ಮೀಟಿಂಗು ಇದೇ.

ವ್ಯಸನದ ಸಂಗತಿಯೆಂದರೆ ಈ ಸಭೆಯ ಹೊತ್ತನ್ನು ಕಾಗದಪತ್ರಗಳು ತಿಂದುಹಾಕುವವು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಗಣಕಯಂತ್ರಕ್ಕೆ ಏರಿಸಬೇಕಾದ ಅಂಕಿಸಂಖ್ಯೆ, ನಾಳೆ ಸಂಜೆಯೊಳಗೆ ಕಳುಹಿಸಬೇಕಾದ ವರದಿ! ಪಾಠ ನೋಡಲು ಬಂದವರು ದಾಖಲೆ ನೋಡಿ ಹೋಗುವರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಿಕ್ಷಕರನ್ನು ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಅನ್ಯ ಕೆಲಸಕ್ಕೆ ಹಚ್ಚಬಾರದೆಂದು ಹೇಳಿದೆ. ಶಾಲೆಯೊಳಗಿನ ಬರವಣಿಗೆಯ ಹೊರೆಗೆ ಮಾತ್ರ ಅದರಿಂದ ತಡೆಯಿಲ್ಲ.

ಪ್ರತಿಯೊಂದು ಸರಕಾರಿ ಶಾಲೆಗೂ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿರುವದು. ಅದರ ಸಭೆಯಲ್ಲಿ ಗೋಡೆಗೆ ಸುಣ್ಣ, ಕೊಳಾಯಿಗೆ ದುರಸ್ತಿ ಎಂಬ ಮಾತುಗಳು ಬೇಕಾದಷ್ಟು ಬರುವವು. ಮುಂದಿನ ಸಲ ನಮ್ಮ ವಾಚಕರಲ್ಲಿ ಯಾರಾದರೂ ಅಲ್ಲಿ ಎದ್ದು, “ಸರ್, ಹೋದ ಸಮಾಲೋಚನೆಯಲ್ಲಿ ನೀವೆಲ್ಲ ಯಾವ ಪಾಠದ ಬಗ್ಗೆ ಮಾತಾಡಿದಿರಿ?” ಎಂದು ಸಾವಕಾಶವಾಗಿ ಕೇಳಬೇಕು. ಪಾಠದ ಮಾತೇ ಬರಲಿಲ್ಲ, ವರದಿ ಬರೆಯುವದರಲ್ಲಿಯೇ ಸಂಜೆಯಾಯಿತು ಎಂದು ಅವರು ಹೇಳಿದರೆ, ಅದನ್ನು ಠರಾವಿನ ಪುಸ್ತಕದಲ್ಲಿ ಬರೆಯಿಸಿ, ಸಮಿತಿಯ ಸಹಿಯೊಡನೆ ರಾಣೆಬೆನ್ನೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬೇಕು. ಮಾಸ್ತರರು ತಾವಾಗಿ ಹೀಗೆ ಬರೆದರೆ ಅದು ದೂರು ಎನಿಸುವದು. ಪಾಲಕರು ಬರೆದರೆ ಅದಕ್ಕೆ ಉತ್ತರ ಕೊಡಬೇಕಾಗುವದು.