ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಮುಂಬಯಿಯಲ್ಲಿ ದೊಡ್ಡ ಮಳೆ ಬಿಟ್ಟ ಮೇಲೆ ಹಳೆಯ ಕಾಂಕ್ರೀಟ್ ರಸ್ತೆಯೊಂದರ ಅಂಚಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಲಾರಿಯ ಚಕ್ರ ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ದಾಟುವಾಗ ನಡುವಿನ ಸಂದಿಯಿಂದ ಕೆಸರುನೀರು ಚಿಮ್ಮಿದರೆ, ರಸ್ತೆಗೆ ರೋಗ ಹತ್ತಿದೆ ಎಂದೇ ಅರ್ಥ. ಮೇಲ್ಮೈ ಇನ್ನೂ ಚೆನ್ನಾಗಿಯೇ ಕಾಣುತ್ತಿರಬಹುದು. ಆದರೆ ಅಡಿಯ ಪುಡಿಮಣ್ಣು ನೀರಿನೊಂದಿಗೆ ಹೊರಬಂದು ಟೊಳ್ಳು ಬೆಳೆಯುತ್ತಿರುತ್ತದೆ. ಮೂಲೆ ಮುರಿಯುವುದು, ಚಪ್ಪಡಿ ಕುಸಿಯುವುದು ಆಮೇಲಿನ ಮಾತು. ಈ ನಗರದಲ್ಲಿ ರಸ್ತೆ ಎಂಜಿನಿಯರ್ ಆಗಿ ದುಡಿಯುವ ನಾನು ಮಳೆಗಾಲದಲ್ಲಿ ಮೊದಲು ನೋಡುವುದು ಈ ಸಂದಿಗಳನ್ನೇ.

ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ರಸ್ತೆಗಳ ಒಟ್ಟು ಉದ್ದ ಸುಮಾರು 2,050 ಕಿ.ಮೀ. ಅದರಲ್ಲಿ ಅರ್ಧದಷ್ಟು ಹಿಂದೆಯೇ ಕಾಂಕ್ರೀಟ್ ಆಗಿತ್ತು. ಉಳಿದದ್ದನ್ನು ಮುಗಿಸಲು 2023ರಲ್ಲಿ ಆರಂಭವಾದ ಯೋಜನೆ ಎರಡು ಹಂತಗಳಲ್ಲಿ ಸುಮಾರು 700 ಕಿ.ಮೀ. ರಸ್ತೆಯನ್ನು ಒಳಗೊಂಡಿದೆ, ವೆಚ್ಚ ಸುಮಾರು 17 ಸಾವಿರ ಕೋಟಿ ರೂಪಾಯಿ. ಹೊಸ ರಸ್ತೆಗಳಲ್ಲೂ ಕೆಲವೆಡೆ ಬಿರುಕು ಕಂಡಾಗ ಪಾಲಿಕೆ ಗುತ್ತಿಗೆದಾರರಿಗೆ ದಂಡ ವಿಧಿಸಿತು, ಚಪ್ಪಡಿ ಒಡೆದು ಮತ್ತೆ ಹಾಕಿಸಿತು. ಗುಣಮಟ್ಟದ ತಪಾಸಣೆಗೆ ಐಐಟಿ ಬಾಂಬೆಯನ್ನೂ ನೇಮಿಸಿತು. ಇದೆಲ್ಲ ಸರಿಯೇ. ಆದರೆ ಚರ್ಚೆಯೆಲ್ಲ ರಸ್ತೆ ಕಟ್ಟುವುದರ ಸುತ್ತಲೇ ಸುತ್ತುತ್ತಿದೆ. ಕಟ್ಟಿದ್ದನ್ನು ಕಾಪಾಡುವವರು ಯಾರು?

'ಗುಂಡಿಮುಕ್ತ' ಎಂಬ ಭರವಸೆಯನ್ನು ಜನ 'ದುರಸ್ತಿಯೇ ಬೇಡದ ರಸ್ತೆ' ಎಂದು ಕೇಳಿಸಿಕೊಂಡರು. ಕಾಂಕ್ರೀಟ್ ರಸ್ತೆಗೆ 30 ವರ್ಷ ಆಯುಸ್ಸು ಲೆಕ್ಕ ಹಾಕುವುದು ನಿಜ. ಮರೀನ್ ಡ್ರೈವ್‌ನ ಕಾಂಕ್ರೀಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳಿತು. ಆದರೆ ಆ ಆಯುಸ್ಸು ನಿಂತಿರುವುದು ಸಂದಿಗಳ ಮೇಲೆ. ಸುಮಾರು ನಾಲ್ಕೂವರೆ ಮೀಟರಿಗೊಂದು ಅಡ್ಡ ಸಂದಿ ಎಂದರೆ ಒಂದು ಲೇನ್‌ನ ಒಂದು ಕಿಲೋಮೀಟರಿಗೆ 220ಕ್ಕೂ ಹೆಚ್ಚು. 700 ಕಿ.ಮೀ.ಗೆ ಒಂದೇ ಲೇನ್ ಎಂದು ಹಿಡಿದರೂ ಒಂದೂವರೆ ಲಕ್ಷ ಸಂದಿಗಳು! ಸಂದಿಗೆ ತುಂಬಿದ ಸೀಲೆಂಟ್ ಕೆಲವೇ ವರ್ಷಗಳಲ್ಲಿ ಒಣಗಿ ಬಿಡುತ್ತದೆ. ಆಗ ಅದನ್ನು ಕೆರೆದು ಹೊಸದಾಗಿ ತುಂಬದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಅಲ್ಲಿಂದಲೇ ಒಳಗಿಳಿಯುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕಾಂಕ್ರೀಟ್ ರಸ್ತೆಗಳ ನಿರ್ವಹಣೆಗೆಂದೇ ಮಾರ್ಗಸೂಚಿ ಕೊಟ್ಟಿದೆ. ಅದರ ಸಾರ ನಮ್ಮ ಗಾದೆಯಲ್ಲೇ ಇದೆ: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ಸೀಲೆಂಟ್ ಹೋಗಿದ್ದರೆ ಸೀಲೆಂಟ್ ತುಂಬಿ. ಉದ್ದುದ್ದ ಬಿರುಕು ಬಿಟ್ಟಿದ್ದರೆ ಓರೆಯಾಗಿ ಸರಳು ಹಾಕಿ ಹೊಲಿಯಿರಿ. ಅಂಚು ಮೇಲಷ್ಟೇ ಉದುರಿದ್ದರೆ ಅಷ್ಟು ಆಳಕ್ಕೆ ಕತ್ತರಿಸಿ ತುಂಬಿ. ಅಡಿಯಲ್ಲಿ ಟೊಳ್ಳಿದ್ದರೆ ಗ್ರೌಟ್ ಇಳಿಸಿ. ಚಪ್ಪಡಿಯೇ ಒಡೆದಿದ್ದರೆ ಮಾತ್ರ ಅದನ್ನು ತೆಗೆದು, ಪಕ್ಕದ ಚಪ್ಪಡಿಗೆ ಡೋವೆಲ್ ಸರಳು ಕೂರಿಸಿ ಹೊಸದು ಹಾಕಿ. ಬೇಗ ಗಟ್ಟಿಯಾಗುವ ಮಿಶ್ರಣ ಬಳಸಿದರೆ ವಾರಗಟ್ಟಲೆ ರಸ್ತೆ ಮುಚ್ಚಬೇಕಾಗಿಯೂ ಇಲ್ಲ.

ಹಳೆಯ ಕಾಂಕ್ರೀಟ್ ರಸ್ತೆಗಳಲ್ಲಿ ನಾನು ಕಾಣುವುದು ಎರಡು ತುದಿಗಳನ್ನು. ಒಂದೋ ಒಡೆದ ಮೂಲೆಗೆ ಡಾಂಬರಿನ ತೇಪೆ, ಇಲ್ಲವೇ ಕೊನೆಗೆ ಇಡೀ ರಸ್ತೆಯನ್ನೇ ಅಗೆದುಹಾಕುವುದು. ತೇಪೆ ಮುಂದಿನ ಮಳೆಗೆ ಕಿತ್ತು ಬರುತ್ತದೆ. ಅಡಿಯ ನೀರು ಹಾಗೆಯೇ ಇರುತ್ತದೆ. ಮೇಲೆ ಕೆಳಗಾದ ಚಪ್ಪಡಿಯ ಅಂಚಿಗೆ ಬೈಕ್ ಚಕ್ರ ತಾಗಿ ಬೀಳುವವರು ಸಾಮಾನ್ಯ ಜನ. ಇಡೀ ರಸ್ತೆ ಹೊಸದಾಗಿ ಹಾಕುವುದು ಒಂದೇ ಟೆಂಡರ್, ಒಂದು ಫಲಕ, ಒಂದು ಉದ್ಘಾಟನೆ. ನೂರು ಕಡೆ ಸಂದಿ ತುಂಬುವ ಕಾಮಗಾರಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಆದ್ದರಿಂದ ದುರಸ್ತಿಯೂ ಒಂದು ಯೋಜನೆಯಾಗಬೇಕು. ಮೊದಲು ಪ್ರತಿ ಚಪ್ಪಡಿಗೂ ಸಂಖ್ಯೆ, ಪ್ರತಿ ವಾರ್ಡಿಗೂ ಒಂದು ದಾಖಲೆ. ಮಳೆಗಾಲದಲ್ಲಿ ಸಮೀಕ್ಷೆ, ಏಕೆಂದರೆ ಕೆಸರು ಚಿಮ್ಮುವ ಸಂದಿ ಬೇಸಿಗೆಯಲ್ಲಿ ಕಾಣಸಿಗದು. ಬಿರುಕಿಗೆ ಕಾರಣವೇನು ಎಂದು ತಿಳಿದ ಮೇಲೆಯೇ ಮದ್ದು: ಚರಂಡಿಯ ದೋಷವೋ, ತಡವಾಗಿ ಕತ್ತರಿಸಿದ ಸಂದಿಯೋ, ಕೇಬಲ್‌ಗಾಗಿ ಅಗೆದು ಸರಿಯಾಗಿ ಮುಚ್ಚದ ಗುಂಡಿಯೋ. ಟೆಂಡರ್ ಸೆಪ್ಟೆಂಬರ್ ಹೊತ್ತಿಗೆ ಸಿದ್ಧವಿದ್ದರೆ ಅಕ್ಟೋಬರ್‌ನಿಂದ ಮೇ ತನಕದ ಒಣ ತಿಂಗಳುಗಳು ಪೂರ್ತಿ ಕೆಲಸಕ್ಕೆ ಸಿಗುತ್ತವೆ. ನೀರು, ವಿದ್ಯುತ್, ಅನಿಲದವರ ಅಗೆತ ಅದಕ್ಕೂ ಮೊದಲೇ ಮುಗಿದಿರಬೇಕು. ಸಂಚಾರ ಪೊಲೀಸರ ಅನುಮತಿಯೂ ಕೈಯಲ್ಲಿರಬೇಕು.

ಹೊಸ ರಸ್ತೆಗಳ ದೋಷಕ್ಕೆ 10 ವರ್ಷ ಗುತ್ತಿಗೆದಾರರೇ ಹೊಣೆ. ಆ ಅವಧಿ ಮುಗಿದ ಹಳೆಯ ರಸ್ತೆಗಳಿಗೆ ಪ್ರತ್ಯೇಕ ಹಣ ಇಂದೇ ಬೇಕು. ಇನ್ನೊಂದು ಎಚ್ಚರಿಕೆಯೂ ಇದೆ: ಮೂರ್ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಹುಟ್ಟಿದ 700 ಕಿ.ಮೀ. ಒಟ್ಟಿಗೇ ಮುಪ್ಪಾಗುತ್ತದೆ. ಹೊಣೆಗಾರಿಕೆಯ ಗಡುವು 2035ರ ಆಸುಪಾಸಿನಲ್ಲಿ ಒಟ್ಟಿಗೇ ಮುಗಿದು, ಬಿಲ್ಲುಗಳೂ ಒಟ್ಟಿಗೇ ಪಾಲಿಕೆಯ ಬಾಗಿಲಿಗೆ ಬರುತ್ತವೆ.

ಇದು ಮುಂಬಯಿಯೊಂದರ ಕಥೆಯಲ್ಲ. ನಮ್ಮ ಬೆಂಗಳೂರಿನಲ್ಲೂ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸುವ ವೈಟ್‌ಟಾಪಿಂಗ್ ಭರದಿಂದ ಸಾಗಿದೆ. ರಜೆಗೆ ಊರಿಗೆ ಹೋದಾಗ ಹೊಸ ರಸ್ತೆಯನ್ನು ಮೆಚ್ಚಿಕೊಳ್ಳೋಣ. ಜೊತೆಗೆ ವಾರ್ಡಿನ ಎಂಜಿನಿಯರನ್ನು ಒಂದು ಮಾತು ಕೇಳೋಣ: ಈ ಸಂದಿಗಳನ್ನು ಮತ್ತೆ ತುಂಬುವುದು ಯಾವ ವರ್ಷ, ಅದಕ್ಕೆ ಹಣ ಯಾವ ಬಜೆಟ್ಟಿನಲ್ಲಿದೆ?