ವೇದಾವತಿಯ ಮರಳನ್ನೂ ಕಾಯಬೇಕು

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿತ್ತು. ಜಲಾಶಯವಿರುವ ಮಾರಿಕಣಿವೆಗೆ ಜನ ಕಿಕ್ಕಿರಿದು ಬಂದರು. ಅದೇ ಹೊತ್ತಿಗೆ ಹೊಸದುರ್ಗದ ಕಡೆಯ ಜಮೀನುಗಳಿಗೆ ಹಿನ್ನೀರು ನುಗ್ಗಿತ್ತು. ಕೋಡಿಯ ಎತ್ತರ ತಗ್ಗಿಸಿ ಎಂದು ಹೊಸದುರ್ಗದ ರೈತರು, ತಗ್ಗಿಸಕೂಡದು ಎಂದು ಹಿರಿಯೂರಿನವರು. ಇಬ್ಬರ ಸಂಕಟವೂ ನಿಜ. ಹಿರಿಯೂರಿನವರಂತೂ ಭದ್ರೆಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತವರು. ಆದರೆ ಜಲಾಶಯದ ಮಟ್ಟದ ಮೇಲೆ ಇಷ್ಟು ವ್ಯಾಜ್ಯವಾಗುವಾಗ, ನೀರು ಹರಿದು ಬರುವ ಹೊಳೆಯ ಒಡಲಿನ ಮರಳು ಬರಿದಾಗುತ್ತಿರುವುದು ಯಾರಿಗೂ ಪ್ರಶ್ನೆಯಾಗಲಿಲ್ಲ.

ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ, ಕಡೂರು ದಾಟಿ ಬರುವ ವೇದಾವತಿ ವರ್ಷವಿಡೀ ಹರಿಯುವ ಹೊಳೆಯಲ್ಲ. ಬೇಸಿಗೆಯಲ್ಲಿ ಅದರ ನೀರು ಇರುವುದು ಮರಳಿನೊಳಗೆ. ದಡದ ಬಾವಿ, ತೆಂಗಿನ ತೋಟ ಉಸಿರು ಹಿಡಿದಿರುವುದು ಆ ತೇವದಿಂದ. ಮರಳು ಬಗೆದರೆ ಮಳೆಗಾಲದ ನೀರು ನಿಲ್ಲದೆ ಓಡುತ್ತದೆ, ದಡ ಕುಸಿಯುತ್ತದೆ, ಕೊಳವೆಬಾವಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಫ್ಲೋರೈಡ್‌ ಕಾಟವಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಆಳದ ನೀರು ಕುಡಿಯಲು ಯೋಗ್ಯವೆಂಬ ಭರವಸೆಯೂ ಇಲ್ಲ.

ಆದರೆ ರಾತ್ರಿ ಮರಳು ಸಾಗಿಸುವ ಟ್ರ್ಯಾಕ್ಟರಿಗೆ ಅಡ್ಡ ನಿಲ್ಲುವುದು ಸುಲಭದ ಮಾತಲ್ಲ. ಲೋಡು ತುಂಬುವ ಕೂಲಿಯವನೂ ಅದೇ ಊರಿನವನು, ನಾಳೆ ಮದುವೆಗೆ, ಸಾವಿಗೆ ಎದುರಾಗುವವನು. ದೂರು ಕೊಟ್ಟವರ ಹೆಸರು ಬಯಲಾದರೆ ಅವರು ಒಂಟಿ. ಹೀಗೆ ಎದೆಗೊಟ್ಟು ನಿಂತವರ ಬೆನ್ನಿಗೆ ಊರು ನಿಲ್ಲಬೇಕು.

ಕಾಯ್ದೆಗೆ ಬರವಿಲ್ಲ. ಎಷ್ಟೇ ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲೇ ಹೇಳಿದೆ. ಮೂರು ಮೀಟರ್‌ಗಿಂತ ಆಳಕ್ಕೆ ತೋಡಬಾರದೆಂದು ಕೇಂದ್ರದ 2016ರ ಮಾರ್ಗಸೂಚಿಯಲ್ಲಿದೆ. ರಾಜ್ಯದ 2020ರ ಮರಳು ನೀತಿ ಹಳ್ಳ-ತೊರೆಗಳ ಮರಳನ್ನು ಗ್ರಾಮ ಪಂಚಾಯಿತಿಗಳ ಕೈಗೇ ಕೊಟ್ಟಿತು. ಹಾಗಿದ್ದ ಮೇಲೆ ಹಳ್ಳ ಕಾಯುವ ಹೊಣೆಯೂ ಪಂಚಾಯಿತಿಯದೇ.

ಜನ ಎದ್ದರೆ ಏನಾದೀತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೊಳೆದಂಡೆಯ ಹಳ್ಳಿಗಳನ್ನು ಒಗ್ಗೂಡಿಸಿತು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹರಿಹರದವರೆಗೆ ಅದೇ ನದಿಗಾಗಿ ಜನ ನಡೆದರು. ಒಂದು ಜಿಲ್ಲೆಯ ಗಡಿಗೆ ಆ ಪಾದಯಾತ್ರೆ ನಿಲ್ಲಲಿಲ್ಲ. ವೇದಾವತಿಗೂ ಅಂಥ ನಡಿಗೆ ಬೇಕು, ಕಡೂರಿನಿಂದ ಚಳ್ಳಕೆರೆಯವರೆಗೆ.

ಅದಕ್ಕೂ ಮೊದಲು ಬಾಗೂರಿನಿಂದ ಹಿಡಿದು ಹೊಸದುರ್ಗ ತಾಲ್ಲೂಕಿನ ಪ್ರತಿ ಗ್ರಾಮಸಭೆ ತನ್ನ ಹಳ್ಳದಲ್ಲಿ ಯಾರಿಗೆ, ಎಷ್ಟು ಮರಳಿಗೆ, ಎಲ್ಲಿಯವರೆಗೆ ಪರವಾನಗಿ ಇದೆ ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಲಿ. ದೂರುದಾರರ ಹೆಸರು ಗುಟ್ಟಾಗಿಡುವ ಹೊಣೆಯನ್ನು ತಹಶೀಲ್ದಾರರು ಲಿಖಿತವಾಗಿ ಒಪ್ಪಿಕೊಳ್ಳಲಿ. ಕೋಡಿಯ ವ್ಯಾಜ್ಯ ಇತ್ಯರ್ಥವಾಗಲು ಕಾಯದೆ, ಹಿರಿಯೂರಿನ ರೈತರೂ ಹೊಸದುರ್ಗದ ರೈತರೂ ಇದೊಂದು ವಿಷಯಕ್ಕಾದರೂ ಈ ಬೇಸಿಗೆಗೆ ಮುಂಚೆ ಒಟ್ಟಿಗೆ ಕೂರಲಿ.