ಮಂಚಿಕೇರಿ ನೆನಪು, ಭಾಗ 6: ಒಂಬತ್ತು ವರ್ಸಸ್ ಹತ್ತು

ದೋಸ್ತ್ರೇ, ಈ ಗ್ರೌಂಡ್ ಗುರುತು ಸಿಕ್ತಾ? ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಕೆಂಪು ಧೂಳು. ಅವತ್ತು ಜೋರು ಮಳೆ, ಯಾರ ಕಾಲಲ್ಲೂ ಶೂ ಇಲ್ಲ. ನಾವು ಹತ್ತನೇ ಕ್ಲಾಸ್, ಎದುರಿಗೆ ಒಂಬತ್ತು.

1-1 ಆದ್ಮೇಲೆ ಯಾರೂ ಚೆಂಡು ನೋಡ್ಲಿಲ್ಲ, ಕಾಲೇ ನೋಡಿದ್ರು. ನಾನೂ ಅಷ್ಟೇ. ನಾನು ಹೊಡೆದ ಹೊಡೆತಕ್ಕೆ ಒಂಬತ್ತರ ಹುಡುಗ ಬಿದ್ದ, ಮೂರು ವಾರ ಕುಂಟಿದ. 'ನಾ ಮೊದ್ಲು ಬಾಲ್ ಮುಟ್ಟಿದ್ದೆ' ಅಂತ ವರ್ಷಗಟ್ಟಲೆ ವಾದ ಮಾಡಿದೆ.

ಈಗ ರೂಲ್ ಓದಿದೀನಿ. ಚೆಂಡು ಮೊದಲು ತಾಗಿದ್ರೂ, ಅತಿಯಾದ ಬಲ ಹಾಕಿ ಎದುರಿನವನಿಗೆ ಅಪಾಯ ತಂದ್ರೆ ಕೆಂಪು ಕಾರ್ಡೇ. ಕಾರ್ಡ್ ಪದ್ಧತಿ ಬಂದಿದ್ದು 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ. ನಮ್ಮ ಗ್ರೌಂಡಲ್ಲಿ ಇದ್ದಿದ್ದು ಸರ್ ಸೀಟಿ ಮಾತ್ರ.

'ಆಟದಲ್ಲಿ ಆಗಿದ್ದು ಆಟದಲ್ಲೇ ಬಿಡು' ಅಂತೀರಲ್ಲ, ಆ ಮಾತನ್ನ ಬಿದ್ದವನು ಹೇಳ್ಬೇಕು, ಬೀಳಿಸಿದವನು ಅಲ್ಲ.

ಮೊನ್ನೆ ಶಿರಸಿ ಬಸ್ಸಲ್ಲಿ ಅವನು ಸಿಕ್ಕ. 'ತಪ್ಪಾಯ್ತು ಮಾರಾಯಾ' ಅಂದೆ. 'ಈಗಾದ್ರೂ ಹೇಳ್ದೆ ಅಲ್ದಾ' ಅಂತ ನಕ್ಕು, ಪಕ್ಕದಲ್ಲಿ ಜಾಗ ಕೊಟ್ಟ.

ನಿಮಗೂ ಅಂಥವನೊಬ್ಬ ಇದ್ರೆ ಇಲ್ಲಿ ಟ್ಯಾಗ್ ಮಾಡ್ಬೇಡಿ. ಫೋನ್ ಮಾಡಿ.

#ಮಂಚಿಕೇರಿ #ಹೈಸ್ಕೂಲ್‌ದಿನಗಳು